ಬೇಳೆ ಬೆಂದ ನೀರು

ನಮ್ಮ ಕಡೆ ನೀರು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಯಾರೂ ಪ್ರಯೋಗಾಲಯದ ಬಾಗಿಲು ಬಡಿಯುವುದಿಲ್ಲ. ಒಂದು ಹಿಡಿ ತೊಗರಿಬೇಳೆ ತೊಳೆದು ಆ ನೀರಿಗೆ ಹಾಕಿ ಒಲೆಯ ಮೇಲಿಡುತ್ತಾರೆ. ಬೇಳೆ ಕರಗಿ ಬೆಣ್ಣೆಯಂತಾದರೆ ನೀರು ಒಳ್ಳೆಯದು. ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿದರೆ ಅದು ಸವುಳು ನೀರು, ಬಟ್ಟೆ ಒಗೆಯುವುದಕ್ಕೆ, ದನ ತೊಳೆಯುವುದಕ್ಕೆ. ನನ್ನ ಅವ್ವ ಹಾಗೆಯೇ ನೋಡುತ್ತಿದ್ದಳು, ಅವಳ ಅತ್ತೆಯೂ ಹಾಗೆಯೇ. ನಾನು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು. ಶುದ್ಧ ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಮಕ್ಕಳಿಂದ ಗಿಳಿಪಾಠ ಒಪ್ಪಿಸಿಕೊಂಡವಳು. ಮನೆಗೆ ಬಂದ ಮೇಲೆ ನಾನೂ ಬೇಳೆಯನ್ನೇ ನಂಬುತ್ತಿದ್ದೆ. ಅದಕ್ಕೆ ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ, ಅವರ ವಿಷಯ ಬರೆಯಲೆಂದೇ ಕುಳಿತಿದ್ದೇನೆ.

ಬಸವಕಲ್ಯಾಣದ ಹಳೆಯ ಊರಿನಲ್ಲಿ, ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ನಮ್ಮ ಮನೆಯಿತ್ತು. ಮಗಳನ್ನು ಹುಮನಾಬಾದಿಗೆ ಕೊಟ್ಟೆವು. ಮರುವರ್ಷವೇ ನನ್ನ ಯಜಮಾನರು ತೀರಿಕೊಂಡರು. ಆಗ ನನ್ನ ಬೆನ್ನಿಗೆ ಬಿದ್ದ ತಮ್ಮ ಬಂದು ಕೈ ಹಿಡಿದುಕೊಂಡ. ಅವನು ಅಷ್ಟೊತ್ತಿಗೆ ಊರ ಹೊರಗೆ ಹೊಲ ಹಿಡಿದು ಪ್ಲಾಟು ಮಾಡಿ ಮಾರುವ ವ್ಯವಹಾರ ಶುರು ಮಾಡಿದ್ದ.

“ಅಕ್ಕಾ, ಒಬ್ಬಾಕಿ ಇಲ್ಲಿ ಯಾಕ ಕುಂತಿ? ನನ್ನ ಮನಿ ಮಗ್ಗಲಾಗೇ ಒಂದು ಮನಿ ಕಟ್ಟಿಸು. ನಾ ಇದ್ದೀನಲ್ಲ,” ಎಂದ.

ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವ್ವ ಹೊಲಕ್ಕೆ ಹೋದರೆ ಇವನ ಮೂಗು ಒರೆಸುವುದರಿಂದ ಹಿಡಿದು ತುತ್ತು ಮಾಡಿ ಉಣಿಸುವ ತನಕ ಎಲ್ಲ ನನ್ನದೇ ಪಾಲು. ‘ನಾ ಇದ್ದೀನಲ್ಲ’ ಎಂದಾಗ ನನಗೆ ಕಣ್ಣು ತುಂಬಿ ಬಂತು. ಹಳೆಯ ಮನೆ ಮಾರಿ, ಅವನ ಬಡಾವಣೆಯಲ್ಲಿ ಮನೆ ಕಟ್ಟಿಸಿ ಬಂದುಬಿಟ್ಟೆ. ತಮ್ಮನ ನೆರಳಿನಲ್ಲಿ ಬದುಕಿನ ಉಳಿದ ದಿನ ಕಳೆಯುತ್ತೇನೆ ಎಂದು ಶಾಲೆಯ ಗೆಳತಿಯರೆದುರು ಜಂಬ ಕೊಚ್ಚಿಕೊಂಡೆ.

ಊರಿನ ನೀರಿನ ಲೈನು ನಮ್ಮ ಬಡಾವಣೆ ತನಕ ಬಂದಿರಲಿಲ್ಲ, ಇನ್ನೂ ಬಂದಿಲ್ಲ. ಅದಕ್ಕೇ ತಮ್ಮ ತಾನೇ ಬೋರು ಹಾಕಿಸಿ, ಟಾಕಿ ಕಟ್ಟಿಸಿ, ಮನೆಮನೆಗೆ ನಳ ಕೊಟ್ಟ. ಬೋರಿಗೆ ನೀರು ಬಿದ್ದ ದಿನ ಅವನು ಮಾಡಿದ ಗದ್ದಲ ನೋಡಬೇಕಿತ್ತು. ಬೋರಿನ ಪಕ್ಕದಲ್ಲೇ ಪೆಂಡಾಲು, ಅಲ್ಲಿಯೇ ಒಲೆ. ಬಡಾವಣೆಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಅವನ ಹೆಂಡತಿ ಹೊಸ ನೀರಿನಲ್ಲಿ ಬೇಳೆ ಹಾಕಿದಳು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳಂತೆ ಎಲ್ಲರೂ ಪಾತ್ರೆಯೊಳಗೇ ಇಣುಕುತ್ತಿದ್ದರು. ಸ್ವಲ್ಪ ಹೊತ್ತಿಗೆ ತಮ್ಮ ಸೌಟಿನಿಂದ ನಾಲ್ಕು ಬೇಳೆ ತೆಗೆದು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಎಲ್ಲರಿಗೂ ತೋರಿಸಿದ.

“ನೋಡ್ರಿ ನೋಡ್ರಿ, ಬೆಣ್ಣಿ ಆಗ್ಯಾದ! ಕಲ್ಯಾಣದಾಗ ಇಂಥ ನೀರು ಎಲ್ಲಿ ಸಿಗ್ತದ ಹೇಳ್ರಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಯೇ ಬಿಸಿ ರೊಟ್ಟಿ ತಟ್ಟಿ ಅದೇ ಬೇಳೆ ಬಡಿಸಿದರು. ಖರೆ ಹೇಳಬೇಕೆಂದರೆ ರುಚಿಯೂ ಇತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಮಗಳು ಬಸುರಿಯಾದಾಗ ಬೀಗತಿಗೂ ನನಗೂ ಸಣ್ಣ ಜಗಳವೇ ಆಯಿತು. ಮಗಳ ಅತ್ತೆ ಹುಮನಾಬಾದಿನವಳು, ಅಡತಿ ಅಂಗಡಿಯವರ ಮನೆ, ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ. ಡಾಕ್ಟರ್ ಪರಿಚಯದವರಿದ್ದಾರೆ, ಹೆರಿಗೆ ಇಲ್ಲೇ ಆಗಲಿ ಎಂದಳು. ಚೊಚ್ಚಿಲ ಹೆರಿಗೆ ತವರಿನಲ್ಲಾಗದೆ ಅತ್ತೆಮನೆಯಲ್ಲಾಗುವುದೇ? ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

“ಅಲ್ರಿ ಬೀಗರ, ನಿಮ್ಮೂರಿಗಿ ಬಸ್ಸಿನಾಗ ಬಂದ್ರ ಸಾಕು, ಫ್ಯಾಕ್ಟರಿ ವಾಸನಿ ಮೂಗಿಗಿ ಹೊಡೀತದ. ಗಾಳಿನೇ ಹಿಂಗಿದ್ರ ನೆಲದಾಗಿನ ನೀರು ಹ್ಯಾಂಗಿರಬೇಕು? ನಮ್ಮಲ್ಲಿ ನೀರು ಅಮೃತ ಅದ. ಬ್ಯಾಳಿ ಹಾಕಿದ್ರ ಕರಗಿ ಹೋಗ್ತದ,” ಎಂದೆ.

ಬೀಗತಿ ಸಿಟ್ಟಾಗಲಿಲ್ಲ. “ಖರೇ ಅದರಿ. ಅದಕ್ಕ ನಾವು ಹೆದರಿ ಹೆದರಿ, ವರ್ಷಕ್ಕೊಮ್ಮೆ ತಪಾಸಣಿ ಮಾಡಿಸಿ ಕುಡೀತೀವಿ. ನೀವು ಹೆದರಿದವರೇ ಅಲ್ಲ ನೋಡ್ರಿ,” ಎಂದಳು. ಅವಳು ನನ್ನ ಧೈರ್ಯ ಹೊಗಳುತ್ತಿದ್ದಾಳೆ ಎಂದುಕೊಂಡು ನಾನು ಮತ್ತಷ್ಟು ಉಬ್ಬಿದೆ. ಕೊನೆಗೆ ಮಗಳನ್ನು ಕರೆದುಕೊಂಡೇ ಬಂದೆ.

ಅದಕ್ಕೂ ಹಿಂದಿನ ಮಳೆಗಾಲದಲ್ಲಿಯೇ ತಮ್ಮನ ಮನೆಗೆ ಆಟೋದಲ್ಲಿ ನೀರಿನ ಕ್ಯಾನು ಬರತೊಡಗಿದ್ದವು. ಬೋರಿನ ಯಜಮಾನನ ಮನೆಗೇ ಕ್ಯಾನು! ನೋಡಿದ ದಿನವೇ ಕೇಳಿದೆ. “ಇಕಿಗಿ ಕಿಡ್ನ್ಯಾಗ ಹಳ್ಳು ಆಗ್ಯಾವಕ್ಕಾ. ಡಾಕ್ಟರ್ ಕ್ಯಾನಿನ ನೀರೇ ಕುಡೀಬೇಕಂತ ಹೇಳ್ಯಾರ,” ಎಂದ ತಮ್ಮ. ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಮುಖ ಸಣ್ಣ ಮಾಡಿದಳು.

ಪಾಪ, ಎಂಥ ನೋವೋ ಏನೋ ಅನಿಸಿತು. ಹಳ್ಳು, ಅಂದರೆ ಕಿಡ್ನಿಯ ಕಲ್ಲು, ಕರಗುವುದಕ್ಕೆ ಹುರುಳಿ ಕಟ್ಟಿನಂಥ ಔಷಧಿಯಿಲ್ಲ. ರಾತ್ರಿ ಹುರುಳಿ ನೆನೆಹಾಕಿ, ಬೆಳಿಗ್ಗೆ ಎದ್ದು ಬೇಯಿಸಿ, ಕಟ್ಟು ಬಸಿದು, ಮೂಲಂಗಿ ರಸ ಸೇರಿಸಿ, ಬಿಸಿಬಿಸಿ ಇರುವಾಗಲೇ ತಂಬಿಗೆಯಲ್ಲಿ ಮುಚ್ಚಿಕೊಂಡು ಒಯ್ದು ಕೊಡುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಮಗಳ ಹೆರಿಗೆಯಾದ ಮೇಲೆ, ಮನೆಯಲ್ಲಿ ಬಾಣಂತಿ, ಕೂಸು, ಕೈತುಂಬ ಕೆಲಸ ಇದ್ದಾಗಲೂ ಬಿಡಲಿಲ್ಲ. ಅವಳು ಎರಡೂ ಕೈಯಿಂದ ತಂಬಿಗೆ ಇಸಿದುಕೊಂಡು, “ನಮ್ಮ ಸಲುವಾಗಿ ಇಷ್ಟ್ಯಾಕ ತ್ರಾಸ ತಗೋತೀರಿ ಅಕ್ಕಾರ,” ಎನ್ನುತ್ತಿದ್ದಳು. “ತ್ರಾಸ ಏನ್ ಬಂತು, ಸುಮ್ನ ಕುಡಿ,” ಎನ್ನುತ್ತಿದ್ದೆ ನಾನು.

ಮೊಮ್ಮಗಳು ಹುಟ್ಟಿದಳು. ಹೆರಿಗೆ ಸಲೀಸಾಯಿತು, ಆದರೆ ಮಗಳಿಗೆ ಹಾಲು ಸಾಲಲಿಲ್ಲ. ಡಾಕ್ಟರನ್ನು ಕೇಳಿ ಡಬ್ಬಿ ಹಾಲು ತಂದೆವು. ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಕುಡಿಸಬೇಕು. ಬಾಣಂತಿಯ ನೀರು ಹೇಗೆ ಕಾಯಿಸಬೇಕೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಕುದಿ ಬಂದರೆ ಇಳಿಸುವವರಲ್ಲ ನಾವು. ಅರ್ಧಕ್ಕರ್ಧ ಇಂಗಬೇಕು. ತಾಯಿಗೆ ಓಮ ಹಾಕಿ, ಕೂಸಿಗೆ ಏನೂ ಹಾಕದೆ, ಬೇರೆ ಬೇರೆ ಪಾತ್ರೆಯಲ್ಲಿ. ಪಾತ್ರೆ ತುಂಬ ಇಟ್ಟ ನೀರು ಅರ್ಧಕ್ಕೆ ಬಂತೆಂದರೆ ಅದರೊಳಗಿನ ಕೆಟ್ಟದ್ದೆಲ್ಲ ಸುಟ್ಟುಹೋಯಿತು ಎಂದು ಅವ್ವ ಹೇಳುತ್ತಿದ್ದಳು. ಗ್ಯಾಸು ಎಷ್ಟಾದರೂ ಸುಡಲಿ, ಕೂಸಿಗೆ ಮಾತ್ರ ಒಳ್ಳೆಯದಾಗಲಿ ಎಂದು ಒಲೆಯ ಮುಂದೆಯೇ ನಿಂತಿರುತ್ತಿದ್ದೆ.

ತಮ್ಮ ದಿನಾ ಸಂಜೆ ಕೂಸನ್ನು ನೋಡಲು ಬರುತ್ತಿದ್ದ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಲೊಚಗುಟ್ಟುತ್ತ ಆಡಿಸುತ್ತಿದ್ದ. ನಾನು ಎದುರಿಗೇ ನಳ ತಿರುಗಿಸಿ ನೀರು ಹಿಡಿದು ಕುದಿಯಲು ಇಡುತ್ತಿದ್ದೆ. ಒಂದು ಸಂಜೆ ಅವನು ಸುಮ್ಮನೆ ಆ ಪಾತ್ರೆಯನ್ನೇ ನೋಡುತ್ತ ಕೂತ. ಆಮೇಲೆ ಹೇಳಿದ: “ಚಲೋತ್ನಾಗಿ ಕುದಿಸು ಅಕ್ಕಾ.”

“ನನಗ ಹೇಳಿಕೊಡ್ತಿಯೇನೋ, ನಿನ್ನನ್ನೇ ಇದೇ ಕೈಲೆ ಸಾಕೀನಿ,” ಎಂದು ನಕ್ಕೆ. ಅವನೂ ನಕ್ಕ.

ಒಂದು ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಕೈಬೆರಳು ತಿಕ್ಕುವಾಗ ಉಗುರು ಕಪ್ಪಾಗಿ ಕಂಡವು. ತುಟಿ ನೋಡಿದರೆ ನೇರಳೆ ಹಣ್ಣು ತಿಂದವರ ತುಟಿ. ಕೂಸು ಅಳುತ್ತಲೂ ಇರಲಿಲ್ಲ, ಎಳೆದೆಳೆದು ಉಸಿರಾಡುತ್ತಿತ್ತು. ಮಗಳು ಹಾಸಿಗೆಯಿಂದ ಎದ್ದು ಬಂದವಳು ನೋಡಿ ಗೋಳೋ ಎಂದು ಅತ್ತಳು, ಅಕ್ಕಪಕ್ಕದವರೆಲ್ಲ ಓಡಿ ಬಂದರು. ತಂಡಿ ಹಿಡಿದಿದೆ, ಕುಂಚಿಗೆ ಕಟ್ಟಿ ಬೆಚ್ಚಗಿಡಿ ಎಂದರು ಕೆಲವರು. ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಎಂದರು ಕೆಲವರು. ಎದುರು ಮನೆಯ ಹಿರಿಯಾಕೆ, ನಾವೆಲ್ಲ ಖಾಲಾ ಎಂದು ಕರೆಯುವವಳು, ಮಾತ್ರ ಕೂಸಿನ ತುಟಿ ನೋಡಿದ್ದೇ ನನ್ನ ತೋಳು ಹಿಡಿದು ಎಳೆದಳು.

“ಟೀಚರಮ್ಮ, ಇದು ನಜರ್ ಅಲ್ಲ. ಜಲ್ದಿ ದವಾಖಾನಿಗಿ ಒಯ್ರಿ, ಇಲ್ಲಿ ನಿಂದರಬ್ಯಾಡ್ರಿ!”

ತಮ್ಮ ಕಾರು ತಂದ. ಇಲ್ಲಿಯ ಡಾಕ್ಟರರು ಆಕ್ಸಿಜನ್ ಹಚ್ಚಿ ನೋಡಿ, ಬೀದರಿಗೆ ಒಯ್ಯಿರಿ ಎಂದರು. ಹುಮನಾಬಾದಿನ ಹೈವೇ ಮೇಲೆ ಬೀಗತಿ ಮತ್ತು ಅಳಿಯ ಕಾಯುತ್ತಿದ್ದರು, ಅವರನ್ನೂ ಹತ್ತಿಸಿಕೊಂಡೆವು. ದಾರಿಯುದ್ದಕ್ಕೂ ತಮ್ಮ ಕನ್ನಡಿಯಲ್ಲಿ ಹಿಂದಿನ ಸೀಟಿನ ಕೂಸನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ಎಷ್ಟು ಕರುಳು ನೋಡು ಇವನಿಗೆ, ಸ್ವಂತ ಮೊಮ್ಮಗಳೆಂಬಂತೆ ಹೆದರಿದ್ದಾನೆ ಎಂದುಕೊಂಡೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನ ಭುಜದ ಮೇಲೆ ಕೈಯಿಟ್ಟು, “ಅಂಜಬ್ಯಾಡೋ ತಮ್ಮಾ, ಏನೂ ಆಗಂಗಿಲ್ಲ,” ಎಂದು ನಾನೇ ಅವನಿಗೆ ಸಮಾಧಾನ ಹೇಳಿದೆ. ನನ್ನಂಥ ಹುಚ್ಚಿ ಇನ್ನೊಬ್ಬಳಿದ್ದಾಳೆಯೇ!

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ರಕ್ತ ತೆಗೆದರು. ರಕ್ತ ಕೆಂಪಗಿರಲಿಲ್ಲ, ಚಾಕಲೇಟಿನ ಬಣ್ಣಕ್ಕಿತ್ತು. ಅವರು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ ತಟ್ಟನೆ ನಮ್ಮ ಕಡೆ ತಿರುಗಿದರು.

“ಕೂಸಿಗಿ ಯಾವ ನೀರಾಗ ಹಾಲು ಕಲಸ್ತೀರಿ?”

“ನಳದ್ದರಿ. ನಮ್ಮ ಬಡಾವಣಿ ಬೋರಿಂದು.”

“ಟೆಸ್ಟ್ ಮಾಡಿಸೀರೇನು?”

“ಟೆಸ್ಟ್ ಯಾಕ ಬೇಕ್ರಿ? ಬ್ಯಾಳಿ ಹಾಕಿದ್ರ ಬೆಣ್ಣಿ ಹಂಗ ಬೇಯ್ತದ. ಅದನ್ನೂ ನಾ ಅರ್ಧ ಇಂಗೋತನಕ ಕುದಿಸೇ ಕೊಡ್ತೀನಿ,” ಎಂದೆ. ಎಂದು, ಸಾಕ್ಷಿ ಹೇಳಲಿ ಎಂದು ತಮ್ಮನ ಕಡೆ ನೋಡಿದೆ. ಅವನು ನನ್ನ ಹಿಂದೆಯೇ ನಿಂತಿದ್ದವನು, ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡು ಹೊರಗೆ ನಡೆದ. ಫೋನು ಸದ್ದು ಮಾಡಿದ್ದನ್ನು ನಾನು ಕೇಳಿರಲಿಲ್ಲ.

ಡಾಕ್ಟರಮ್ಮ ಸಿಟ್ಟು ಮಾಡದೆ ತಿಳಿಸಿ ಹೇಳಿದರು. ಕುದಿಸಿದರೆ ಸಾಯುವುದು ರೋಗದ ಹುಳಗಳು. ನೀರಿನಲ್ಲಿ ಕರಗಿದ ನೈಟ್ರೇಟು ಸಾಯುವುದಿಲ್ಲ, ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಹೊಲಕ್ಕೆ ಹಾಕಿದ ಗೊಬ್ಬರದಿಂದ, ಸಂಡಾಸದ ಗುಂಡಿಯಿಂದ ಅದು ನೆಲಕ್ಕಿಳಿದು ಬೋರಿಗೆ ಸೇರುತ್ತದೆ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಎಳೆಯ ಕೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಹೋಗುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಾನು ಮಕ್ಕಳಿಗೆ ಹೇಳಿಕೊಟ್ಟ ಪಾಠ ನನ್ನ ಕಿವಿಯಲ್ಲೇ ಗುಂಯ್ ಎಂದಿತು.

ನಾನು ಒಲೆಯ ಮುಂದೆ ನಿಂತು, ಪ್ರೀತಿಯಿಂದ, ಕೂಸಿಗೆ ವಿಷ ಕಾಯಿಸಿ ಗಟ್ಟಿ ಮಾಡಿ ಕೊಟ್ಟಿದ್ದೆ. ಹೊರಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಬೀಗತಿ ನನ್ನನ್ನು ಹಂಗಿಸಬಹುದಿತ್ತು. ನಿಮ್ಮ ಅಮೃತ ಎಲ್ಲಿ ಹೋಯಿತ್ರಿ ಎಂದು ಕೇಳಬಹುದಿತ್ತು. ಅವಳು ನನ್ನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಕೂಸಿನ ನರಕ್ಕೆ ನೀಲಿ ಬಣ್ಣದ ಔಷಧಿ ಕೊಟ್ಟರು. ಸ್ವಲ್ಪ ಹೊತ್ತಿಗೆ ತುಟಿಯ ಕಪ್ಪು ಇಳಿಯಿತು, ಕೆನ್ನೆ ಕೆಂಪಾದವು, ಕೂಸು ಬಾಯಿ ತೆರೆದು ಜೋರಾಗಿ ಅತ್ತಿತು. ಆ ಅಳು ಕೇಳಿ ನಾವೂ ಅತ್ತೆವು.

ಅಳಿಯ ಮರುದಿನವೇ ನಮ್ಮ ನಳದ ನೀರನ್ನು ಬಾಟಲಿಯಲ್ಲಿ ಹಿಡಿದು ತಪಾಸಣೆಗೆ ಕೊಟ್ಟ. ನಾನು ಬಟ್ಟೆಬರೆ ಒಯ್ಯಲು ಕಲ್ಯಾಣಕ್ಕೆ ಬಂದಿದ್ದಾಗ ಅವನ ಫೋನು ಬಂತು. “ಅತ್ತಿ, ಡಾಕ್ಟರ್ ಹೇಳಿದ್ದೇ ಖರೇ ಅದ. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅದ. ನೀವು ಆ ನೀರು ಮುಟ್ಟಬ್ಯಾಡ್ರಿ,” ಎಂದ.

ಆ ಗಳಿಗೆಯಲ್ಲಿ ನನಗೆ ಮೊದಲು ನೆನಪಾದವನು ಯಾರು ಗೊತ್ತೇ? ನನ್ನ ತಮ್ಮ. ಫೋನು ಇಟ್ಟವಳೇ ಚಪ್ಪಲಿಯನ್ನೂ ಮೆಟ್ಟದೆ ಅವನ ಮನೆಗೆ ಓಡಿದೆ. ಅವನ ಮಕ್ಕಳು ಅದೇ ನೀರಿನಲ್ಲಿ ಮುಖ ತೊಳೆಯುತ್ತವೆ, ಬಾಯಿ ಮುಕ್ಕಳಿಸುತ್ತವೆ, ಅಡುಗೆಗೆ ಅದನ್ನೇ ಬಳಸುತ್ತಾರೋ ಏನೋ. ಹೆಂಡತಿಯ ಹಳ್ಳಿನ ದೆಸೆಯಿಂದ ಕ್ಯಾನು ತರಿಸುತ್ತಿರುವುದು ದೊಡ್ಡ ಪುಣ್ಯವಾಯಿತು ಶಿವನೇ, ಆ ಹಳ್ಳೇ ಇವರನ್ನು ಕಾಪಾಡಿತು ಎಂದು ದಾರಿಯಲ್ಲಿ ಕೈಮುಗಿದೆ ಕೂಡ.

ತಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನಾನು ಏದುಸಿರು ಬಿಡುತ್ತ ಹೇಳಿದೆ: “ತಮ್ಮಾ, ಬೋರು ಬಂದ್ ಮಾಡಿಸು. ನೀರಾಗ ವಿಷ ಅದ. ರಿಪೋರ್ಟ್ ಬಂದದ. ಮಕ್ಕಳಿಗಿ ಮುಟ್ಟಿಸಬ್ಯಾಡ.”

ಅವನು ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಬಸಿ ಕೆಳಗಿಟ್ಟ. ಬಾಗಿಲು ಮುಂದೆ ಮಾಡಿ ಬಂದ.

“ಗೊತ್ತದ ಅಕ್ಕಾ,” ಎಂದ.

ನನಗೆ ಅರ್ಥವಾಗಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದ್ದನ್ನು ಹೇಳುತ್ತಿದ್ದಾನೆ ಎಂದುಕೊಂಡೆ. “ಏನ್ ಗೊತ್ತದ? ಈಗರೇ ಫೋನ್ ಬಂದದ.”

“ಹೋದ ವರ್ಷನೇ ಗೊತ್ತಾಗ್ಯಾದ. ಹೈವೇ ಮ್ಯಾಲ ಹೋಟೆಲ್ ಮಾಡಬೇಕಂತ ಇದ್ನೆಲ್ಲ, ಲೈಸನ್ಸಿಗಿ ಇದೇ ಬೋರಿನ ನೀರು ಟೆಸ್ಟ್ ಮಾಡಿಸಿದ್ದೆ. ಆವಾಗೇ ಹೇಳ್ಯಾರ.”

ಹೋದ ವರ್ಷ. ಮಗಳು ಬಸುರಿಯಾಗುವುದಕ್ಕೂ ಮೊದಲು. ನಾನು ಬೀಗತಿಯೊಡನೆ ಜಗಳವಾಡಿ ಮಗಳನ್ನು ಕರೆತರುವುದಕ್ಕೂ ಮೊದಲು. ಒಳಗಿನಿಂದ ಅವನ ಹೆಂಡತಿ ಬಂದು ಗೋಡೆಗೊರಗಿ ನಿಂತಳು. ನನಗೆ ಥಟ್ಟನೆ ಹೊಳೆಯಿತು. ಅವಳ ಕಡೆ ತಿರುಗಿ ಕೇಳಿದೆ: “ಹಂಗಾರ ನಿನ್ನ ಹಳ್ಳು?”

ಅವಳು ನೆಲ ನೋಡಿದಳು. “ಹಳ್ಳು ಗಿಳ್ಳು ಏನೂ ಇಲ್ರಿ ಅಕ್ಕಾರ. ಇವರೇ ಹಂಗ ಹೇಳು ಅಂದ್ರು.”

“ದಿನಾ ಒಯ್ದು ಕೊಡ್ತಿದ್ನೆಲ್ಲ, ಹುರುಳಿ ಕಟ್ಟು?”

ಅವಳ ಕಣ್ಣು ಒಂದು ಸಲ ಹಿತ್ತಲ ಕಡೆ ಹೋಗಿ ಬಂತು. ಅಲ್ಲಿ ಪೇರಲ ಗಿಡದ ಬುಡದಲ್ಲಿ ಮಣ್ಣು ಕಂದು ಬಣ್ಣಕ್ಕೆ ತಿರುಗಿ ಒಣಗಿ ಹೆಕ್ಕಳಿಕೆ ಎದ್ದಿತ್ತು. ಅದು ನಳದ ನೀರಿನಲ್ಲಿ ಕುದಿಸಿದ್ದಲ್ಲವೇ, ಅವರು ಹೇಗೆ ಕುಡಿದಾರು? ನಾನು ಮನೆಗೆ ತಿರುಗಿ ಹೋದದ್ದೇ ಗಿಡಕ್ಕೆ ಸುರಿದಿದ್ದಾರೆ. ದಿನಾ ಸುರಿದಿದ್ದಾರೆ. ಸುರಿದು ಬಂದು, ಸಂಜೆ ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅದೇ ನಳದ ನೀರನ್ನು ನಾನು ಕೂಸಿಗೆ ಕಾಯಿಸುವುದನ್ನು ನೋಡಿದ್ದಾನೆ. ಹಸುಗೂಸು ಇವನ ತೊಡೆಯ ಮೇಲೆಯೇ ಮಲಗಿತ್ತು.

“ಒಂದು ಮಾತು ನನ್ನ ಕಿವ್ಯಾಗ ಹೇಳಾಕ ನಿನಗೇನಾಗಿತ್ತೋ?” ಎಂದೆ.

“ನೀ ಕುದಿಸಾಕತ್ತಿದ್ದೆಲ್ಲ ಅಕ್ಕಾ, ಅದಕ್ಕ ಸುಮ್ನಿದ್ದೆ. ನಿನಗೊಬ್ಬಾಕಿಗಿ ಹೇಳಿದ್ರ ಬಡಾವಣಿಗೆಲ್ಲ ಗೊತ್ತಾಗ್ತಿತ್ತು. ನಿನ್ನ ಬಾಯಾಗ ಮಾತು ನಿಲ್ಲಂಗಿಲ್ಲ. ಇನ್ನ ಪ್ಲಾಟ್ ಉಳದಾವ. ಊರಿನ ಲೈನ್ ಒಮ್ಮೆ ಬಂದ್ರ ಎಲ್ಲ ಸರಿ ಆಗ್ತದ. ಕೂಸು ಉಳೀತಲ್ಲ, ದೇವರು ದೊಡ್ಡವ. ಮನಿ ಮಾತು ಮನ್ಯಾಗ ಇರಲಿ ಅಕ್ಕಾ,” ಎಂದು ನನ್ನ ಕಾಲಿಗೆ ಬಗ್ಗಿದ.

ನಾನು ಕಾಲು ಹಿಂದಕ್ಕೆಳೆದುಕೊಂಡೆ. ಥೂ, ನಿನ್ನ ಜನ್ಮಕ್ಕಿಷ್ಟು, ಎಂದೆ. ಬಾಯಿಗೆ ಬಂದದ್ದೆಲ್ಲ ಬೈದೆ. ನಲವತ್ತು ಮಕ್ಕಳ ತರಗತಿಯಲ್ಲಿ ಯಾವತ್ತೂ ಆಡದ ಮಾತು ಅವತ್ತು ಆಡಿದೆ. ಅವನು ಎಲ್ಲ ಕೇಳಿಸಿಕೊಂಡು, ಕೊನೆಗೂ ಒಂದೇ ಮಾತು ಹೇಳಿದ: ಹೊರಗೆ ಹೇಳಬೇಡ.

ಮರುದಿನ ಬೆಳಿಗ್ಗೆ ಮೊದಲನೆಯ ಮನೆಯಿಂದ ಹಿಡಿದು ಪ್ರತಿ ಮನೆಯ ಬಾಗಿಲು ಬಡಿದೆ. ನೀರು ಕುಡಿಯಬೇಡಿ, ಎಳೆ ಮಕ್ಕಳಿಗಂತೂ ಕೊಡಲೇಬೇಡಿ, ಕುದಿಸಿದರೂ ಉಪಯೋಗವಿಲ್ಲ ಎಂದು ಹೇಳಿದೆ. ನನ್ನನ್ನು ಕೂರಿಸಿ, ಚಹಾ ಕೊಟ್ಟು, ಮುಖ ಮುಖ ನೋಡಿಕೊಂಡರು. “ಅಲ್ರಿ ಟೀಚರ್, ಬ್ಯಾಳಿ ಚಲೋನೇ ಬೇಯಾಕತ್ತದಲ್ರಿ! ನಿನ್ನೆ ಸುದ್ದಾ ಬೆಂದದ,” ಎಂದಳೊಬ್ಬಳು. ಇನ್ನೊಬ್ಬಳು ಒಳಗೆ ಹೋಗಿ ಪಾತ್ರೆಯನ್ನೇ ತಂದು ಮುಚ್ಚಳ ತೆಗೆದು ತೋರಿಸಿದಳು. ಬೇಳೆ ಬೆಣ್ಣೆಯಂತೆಯೇ ಕರಗಿತ್ತು. ಮೂರನೆಯ ಮನೆಯ ಬಾಗಿಲು ದಾಟುವಷ್ಟರಲ್ಲಿ ಹಿಂದೆ ಪಿಸುಮಾತು ಕೇಳಿಸಿತು: ಅಕ್ಕ ತಮ್ಮನ ನಡುವೆ ಆಸ್ತಿಯ ತಕರಾರು ಬಂದಿರಬೇಕು, ಅದಕ್ಕೇ ಅವನ ಬೋರಿನ ಮೇಲೆ ಗೂಬೆ ಕೂರಿಸುತ್ತಿದ್ದಾಳೆ.

ಅಂದು ನನ್ನ ಮಾತು ನಂಬಿದವಳು ಖಾಲಾ ಒಬ್ಬಳೇ. ಕೂಸಿನ ತುಟಿಯನ್ನು ಕಣ್ಣಾರೆ ಕಂಡವಳು ಅವಳು, ಅವಳ ಸೊಸೆಯೂ ಆಗ ಬಸುರಿ. ನಾನು ಮಾತು ಮುಗಿಸುವ ಮೊದಲೇ ಎದ್ದು ಹೋಗಿ, ತುಂಬಿಟ್ಟಿದ್ದ ಕೊಡಗಳನ್ನು ಒಂದೊಂದಾಗಿ ಅಂಗಳಕ್ಕೆ ಚೆಲ್ಲಿದಳು. ಆಮೇಲೆ ಸುದ್ದಿ ಹಬ್ಬಿತು, ಒಬ್ಬೊಬ್ಬರೇ ಕ್ಯಾನು ತರಿಸತೊಡಗಿದರು. ತಮ್ಮ ಟಾಕಿಯ ಮೇಲೆ ‘ಬಳಕೆಗೆ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆಸಿದ. ಕುಡಿಯಬಾರದು ಎಂದು ಬರೆಸಲು ಅವನಿಗೆ ಮನಸ್ಸು ಬರಲಿಲ್ಲ.

ಮಗಳು ಆಸ್ಪತ್ರೆಯಿಂದ ನೇರವಾಗಿ ಹುಮನಾಬಾದಿಗೆ ಹೋದಳು. ಉಳಿದ ಬಾಣಂತನ ಅವಳ ಅತ್ತೆಯೇ ಮಾಡಿದಳು. ತೊಟ್ಟಿಲ ಕಾರ್ಯವೂ ಅಲ್ಲಿಯೇ ಆಯಿತು. ತವರಿನವಳಾದ ನಾನು ನೆಂಟರಂತೆ ಕೂಸಿನ ಬಟ್ಟೆ ಹಿಡಿದು ಹೋದೆ. ಬೀಗತಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಒಳಗೆ ಕೂರಿಸಿ, ಬೆಲ್ಲದೊಂದಿಗೆ ಒಂದು ತಂಬಿಗೆ ನೀರು ಇಟ್ಟಳು. ಯಾವ ನೀರನ್ನು ಹೀಯಾಳಿಸಿದ್ದೆನೋ ಅದೇ ನೀರು. ಗಟಗಟ ಕುಡಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಈಗ ಮೊಮ್ಮಗಳು ಓಡಾಡುತ್ತಾಳೆ, ಮಾತು ಕಲಿತಿದ್ದಾಳೆ. ನನ್ನ ಮನೆಗೆ ಬಂದಾಗ ಮಗಳ ಚೀಲದಲ್ಲಿ ಹುಮನಾಬಾದಿನಿಂದ ತಂದ ನೀರಿನ ಬಾಟಲಿ ಇರುತ್ತದೆ. ನನ್ನ ಮನೆಯಲ್ಲಿಯೂ ಈಗ ಕ್ಯಾನಿನ ನೀರೇ ಇದೆ ಎಂದು ಅವಳಿಗೆ ಗೊತ್ತು. ಆದರೂ ಬಾಟಲಿ ತರುತ್ತಾಳೆ. ಅವಳು ತನ್ನ ಕೂಸಿನ ಜೀವ ಹೋಗಿ ಬಂದದ್ದನ್ನು ಕಂಡವಳು.

ಈ ಸಲ ಪಂಚಮಿಗೆ ಮೊದಲು ತಮ್ಮ ಬಂದ. ನಮ್ಮ ಕಡೆ ಪಂಚಮಿಗೆ ಅಣ್ಣ ತಮ್ಮಂದಿರು ಬಂದು ಅಕ್ಕ ತಂಗಿಯರನ್ನು ಕರೆದುಕೊಂಡು ಹೋಗುತ್ತಾರೆ. ಮನೆ ಪಕ್ಕದಲ್ಲೇ ಇದ್ದರೂ ಅವನು ಪ್ರತಿ ವರ್ಷ ಸೀರೆ, ಉಂಡೆ ಹಿಡಿದು ಬಂದು ಕರೆಯುತ್ತಿದ್ದ. ಆ ಘಟನೆಯಾದ ಮೇಲೆ ಬರುವುದು ಬಿಟ್ಟಿದ್ದ. ಈ ಸಲ ಬಾಗಿಲಲ್ಲಿ ನಿಂತು, “ಅಕ್ಕಾ,” ಎಂದ. ಕೂದಲು ಬೆಳ್ಳಗಾಗಿತ್ತು, ಸೊರಗಿದ್ದ. ಹೊರಗೆ ನಿಲ್ಲಿಸಿ ಕಳಿಸಬೇಕೆಂದುಕೊಂಡಿದ್ದೆ. ಆಗಲಿಲ್ಲ. ಎಷ್ಟೆಂದರೂ ನನ್ನ ಸೊಂಟದ ಮೇಲೆ ಬೆಳೆದವನು. “ಬಾ, ಕೂಡು,” ಎಂದೆ.

ಬಿಸಿಲಲ್ಲಿ ಬಂದಿದ್ದ. ಮನೆಗೆ ಬಂದವರಿಗೆ ನೀರು ಕೊಡುವುದು ನಮ್ಮ ಕೈಗೆ ಹತ್ತಿದ ರೂಢಿ. ವಿಚಾರ ಮಾಡದೆಯೇ ಒಳಗೆ ಹೋಗಿ ತಂಬಿಗೆ ತುಂಬಿಸಿ ತಂದು ಅವನ ಮುಂದಿಟ್ಟೆ. ಅವನು ಎತ್ತಿ ಬಾಯಿಯ ಹತ್ತಿರ ಒಯ್ದ. ತುಟಿಗೆ ತಾಗಿಸುವ ಮೊದಲು ಕೈ ನಿಂತಿತು. ತಂಬಿಗೆಯೊಳಗೆ ನೋಡಿದ, ಆಮೇಲೆ ನನ್ನ ಮುಖ ನೋಡಿದ.

“ಇದು ಯಾವ ನೀರು ಅಕ್ಕಾ?”

ಅವನು ಬೇಕೆಂದು ಕೇಳಿದ್ದಲ್ಲ, ಅದು ನನಗೆ ಗೊತ್ತು. ಬಾಯಿಯಿಂದ ತಾನಾಗಿ ಬಂತು. ಕೇಳಿದ ಮೇಲೆ ಅವನಿಗೇ ತಿಳಿದು ಮುಖ ಕಪ್ಪಿಟ್ಟಿತು. ನನಗೆ ಆ ಹೊಸ್ತಿಲು, ಅವನ ತೊಡೆಯ ಮೇಲಿನ ಕೂಸು, ಕುದಿಯುತ್ತಿದ್ದ ಪಾತ್ರೆ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಸುಮ್ಮನಿರಬಹುದಿತ್ತು ನಾನು. ಅವನು ಸುಮ್ಮನಿದ್ದ ಹಾಗೆಯೇ ಸುಮ್ಮನಿದ್ದು ನಗಬಹುದಿತ್ತು.

“ಕ್ಯಾನಿಂದು. ಕುಡಿ,” ಎಂದೆ.

ಅವನು ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟ. ಸೀರೆಯ ಚೀಲ ನನ್ನ ಕಡೆ ಸರಿಸಿ, “ಪಂಚಮಿಗಿ ಬರ್ತಿಯಲ್ಲ ಅಕ್ಕಾ?” ಎಂದ.

ನಾನು ಚೀಲವನ್ನು ಅವನ ಕಡೆಗೇ ಸರಿಸಿದೆ. “ಬರಂಗಿಲ್ಲ ತಮ್ಮಾ. ನಿನ್ನ ಮನ್ಯಾಗ ಕೂತ್ರ ನಾನೂ ಪ್ರತಿ ತುತ್ತಿಗಿ ಇದು ಯಾವ ನೀರಂತ ಕೇಳಬೇಕಾಗ್ತದ,” ಎಂದೆ.